ಕಾವಿಗೆ ಕೂತ ಕೋಳಿ: ಕೂರಿಸೋದಾ, ಎಬ್ಬಿಸೋದಾ?

ತತ್ತಿ ತೆಗೆಯೋಕೆ ಬುಟ್ಟಿಗೆ ಕೈ ಹಾಕಿದರೆ ಕೋಳಿ ಏಳುವುದಿಲ್ಲ. ಕುತ್ತಿಗೆ ಗರಿ ನಿಮಿರಿಸಿ 'ಕುರ್ರ್' ಅನ್ನುತ್ತದೆ. ಕೈ ಇನ್ನೂ ಮುಂದೆ ಹೋದರೆ ಬೆರಳ ಗಿಣ್ಣಿಗೇ ಒಂದು ಕುಕ್ಕು. ಎತ್ತಿ ಅಂಗಳಕ್ಕೆ ಬಿಟ್ಟರೆ ಒಂದು ನಿಮಿಷ ಮಣ್ಣಿನ ಮುದ್ದೆಯ ಹಾಗೆ ಕೂತಿರುತ್ತದೆ. ಆಮೇಲೆ ಎದ್ದು, ಮೈ ಉಬ್ಬಿಸಿಕೊಂಡು, 'ಲೊಕ್ ಲೊಕ್' ಅನ್ನುತ್ತ ಒಂದು ಸುತ್ತು ಹಾಕಿ, ನಾಲ್ಕು ಕಾಳು ಹೆಕ್ಕಿ, ಮತ್ತೆ ಅದೇ ಬುಟ್ಟಿಗೆ.

ಆಗ ನಮ್ಮ ಮನೆಯಲ್ಲಿ ಎರಡು ಪಕ್ಷ ಆಗುತ್ತವೆ. ಅವ್ವ ಹೇಳುತ್ತಾಳೆ, "ಕುಂತದ ಬಿಡು, ಎಬ್ಬಿಸಬ್ಯಾಡ. ಮರಿ ಮಾಡ್ತದ." ನನ್ನ ಹೆಂಡತಿ ಹೇಳುತ್ತಾಳೆ, "ತತ್ತಿ ನಿಂತ್ವಲ್ಲ, ಹುಡುಗರಿಗಿ ಏನ್ ಮಾಡಿ ಹಾಕ್ಲಿ?" ಇಬ್ಬರದೂ ಸರಿ. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರೆ. ಕಾವಿನ ವಿಷಯದಲ್ಲಿ ಮಾತ್ರ ಕೋಳಿಯನ್ನೂ ಕೇಳಬೇಕು. ಅದಕ್ಕಿಂತ ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ಕೇಳಬೇಕು. ಕಲಬುರಗಿಯ ಬಿಸಿಲಲ್ಲಿ ಒಂದೇ ಕೋಳಿಗೆ ದೀಪಾವಳಿಯಲ್ಲಿ ಒಂದು ಉತ್ತರ, ಯುಗಾದಿಯಲ್ಲಿ ಇನ್ನೊಂದು.

ನಮ್ಮ ಮನೆ ಊರ ಹೊರಗೆ. ಒಂಬತ್ತು ಜವಾರಿ ಹೇಂಟೆ, ಒಂದು ಹುಂಜ, ಮೂರು ಗಿರಿರಾಜ ಇವೆ. ಇಲ್ಲಿ ಬರೆದದ್ದರಲ್ಲಿ ಅರ್ಧ ಇವುಗಳೇ ಕಲಿಸಿದ್ದು.

ನಿಜವಾಗಿ ಕೂತಿದೆಯಾ?

ಬುಟ್ಟಿಯಲ್ಲಿ ಜಾಸ್ತಿ ಹೊತ್ತು ಕೂತ ಕೋಳಿಯೆಲ್ಲ ಕಾವಿಗೆ ಕೂತ ಕೋಳಿ ಅಲ್ಲ. ತತ್ತಿ ಇಡೋಕೇ ಕೆಲವು ಒಂದು ತಾಸು ತೆಗೆದುಕೊಳ್ಳುತ್ತವೆ. ಜಡ್ಡು ಬಂದ ಕೋಳಿಯೂ ಮೂಲೆ ಹಿಡಿದು ಕೂರುತ್ತದೆ. ಆದರೆ ಅದು ಕುಕ್ಕುವುದಿಲ್ಲ, ಕಣ್ಣು ಮುಚ್ಚಿಕೊಂಡಿರುತ್ತದೆ.

ನಾನು ರಾತ್ರಿ ನೋಡುತ್ತೇನೆ. ಉಳಿದ ಕೋಳಿಗಳೆಲ್ಲ ಮೇಲೆ ಹತ್ತಿ ಮಲಗಿದಾಗ ಇದೊಂದೇ ಬುಟ್ಟಿಯಲ್ಲಿದ್ದರೆ, ಎರಡನೇ ರಾತ್ರಿಯೂ ಅಲ್ಲೇ ಇದ್ದರೆ, ಕಾವು ಬಂದಿದೆ ಅಂತ ಅರ್ಥ. ಹೊಟ್ಟೆಯ ಗರಿ ಉದುರಿ ಚರ್ಮ ಕಾಣುತ್ತದೆ, ಮುಟ್ಟಿದರೆ ಬಿಸಿ. ದಿನಕ್ಕೆ ಒಂದೇ ಸಲ ಹೊರಗೆ ಬಂದು ಹಿಕ್ಕೆ ಹಾಕುತ್ತದೆ. ಅದರ ಗಾತ್ರ, ಅದರ ವಾಸನೆ ಒಮ್ಮೆ ನೋಡಿದವರು ಮರೆಯೋದಿಲ್ಲ.

ಇದು ಹಟ ಅಲ್ಲ, ರಕ್ತದಲ್ಲಿನ ಆಟ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರಿದಾಗ ತತ್ತಿ ಇಡೋದು ನಿಲ್ಲುತ್ತದೆ, ಕೂರುವ ಆಸೆ ಹುಟ್ಟುತ್ತದೆ. ಮಬ್ಬು ಬೆಳಕು, ಹೊಟ್ಟೆಯ ಕೆಳಗೆ ಬೆಚ್ಚಗಿನ ಹುಲ್ಲು, ಅಲ್ಲಿ ಗುಡ್ಡೆ ಬಿದ್ದ ತತ್ತಿ, ಇವೆಲ್ಲ ಆ ಹಾರ್ಮೋನನ್ನು ಇನ್ನೂ ಏರಿಸುತ್ತವೆ. ಈ ಮಾತು ನೆನಪಿರಲಿ. ಕೂರಿಸುವಾಗ ಇವನ್ನೇ ಕೊಡಬೇಕು, ಎಬ್ಬಿಸುವಾಗ ಇವನ್ನೇ ಕಿತ್ತುಕೊಳ್ಳಬೇಕು.

ಎಲ್ಲ ತಳಿಗೂ ಈ ಆಸೆ ಇಲ್ಲ. ಜವಾರಿ ಕೋಳಿ, ಅಸೀಲ್, ಕುತ್ತಿಗೆ ಬೋಳು ಕೋಳಿ ಚೆನ್ನಾಗಿ ಕೂರುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಕೂರುವುದಿಲ್ಲ. ನಮ್ಮ ಮೂರೂ ತತ್ತಿ ಇಟ್ಟು, ಕೂಗಿ, ತಿರುಗಿಯೂ ನೋಡದೆ ಹೋಗುತ್ತವೆ.

ದಾರಿ ಒಂದು: ತತ್ತಿ ಕೊಟ್ಟು ಕೂರಿಸುವುದು

ಹುಂಜ ಇಲ್ಲದ ಮನೆಯವರು ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಹುಂಜ ತುಳಿಯದ ತತ್ತಿ 21 ದಿನ ಅಲ್ಲ, 21 ತಿಂಗಳು ಇಟ್ಟರೂ ಮರಿ ಆಗುವುದಿಲ್ಲ. ಅಂಗಡಿಯ ಬಿಳಿ ಫಾರಂ ತತ್ತಿಯೂ ಅಷ್ಟೇ. ನಗಬೇಡಿ. ನಮ್ಮ ಓಣಿಯಲ್ಲಿ ಒಬ್ಬರು ಅಂಗಡಿ ತತ್ತಿ ಇಟ್ಟು 25 ದಿನ ಕಾದಿದ್ದಾರೆ.

ಹುಂಜ ಇದ್ದು, ಕಾಲ ಸರಿ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಮ್ಮ ಕಡೆ ಸರಿಯಾದ ಕಾಲ ಅಂದರೆ ದಸರೆಯಿಂದ ಜನವರಿ ಕೊನೆವರೆಗೆ. ಮಳೆ ನಿಂತಿರುತ್ತದೆ, ಬಿಸಿಲು ಹದವಾಗಿರುತ್ತದೆ. ದಸರೆ ಹೊತ್ತಿಗೆ ಕೂರಿಸಿದರೆ ಡಿಸೆಂಬರ್‌ನಲ್ಲಿ ತೊಗರಿ ರಾಶಿ ಶುರುವಾಗುವಾಗ ಮರಿಗಳು ಓಡಾಡುವಷ್ಟು ಆಗಿರುತ್ತವೆ. ರಾಶಿ ಮಾಡಿದ ಜಾಗದಲ್ಲಿ ಬಿದ್ದ ಕಾಳು, ಹೊಟ್ಟಿನ ಕೆಳಗಿನ ಹುಳ, ಎರಡೂ ಪುಕ್ಕಟೆ. ಜನವರಿಯಲ್ಲಿ ಕೂರಿಸಿದ ಮರಿಗೂ ಏಪ್ರಿಲ್ ಬಿಸಿಲು ಬರುವ ಮೊದಲು ಗರಿ ಬಲಿತಿರುತ್ತದೆ. ಬೀದರ್ ಎತ್ತರದ ಜಾಗ, ಅಲ್ಲಿ ಡಿಸೆಂಬರ್ ರಾತ್ರಿ ನಮಗಿಂತ ಚಳಿ. ಅಲ್ಲಿಯವರು ಬುಟ್ಟಿಯನ್ನು ಗೋಡೆ ಬದಿಗೆ, ಗಾಳಿ ಹೊಡೆಯದ ಕಡೆ ಇಟ್ಟರೆ ಸಾಕು.

ತತ್ತಿ ಆರಿಸೋದು ಹೀಗೆ. ಒಂದು ವಾರಕ್ಕಿಂತ ಹಳೆಯದು ಬೇಡ. ತೀರಾ ದೊಡ್ಡದು, ತೀರಾ ಸಣ್ಣದು, ಬಿರುಕು ಬಿಟ್ಟದ್ದು ಬೇಡ. ಹೊಲಸಾಗಿದೆ ಅಂತ ತೊಳೆಯಬೇಡಿ. ತೊಳೆದರೆ ಮೇಲಿನ ಪೊರೆ ಹೋಗಿ ಕೊಳೆ ಒಳಗಿಳಿಯುತ್ತದೆ. ಕೂಡಿಡುವಾಗ ಚೂಪು ತುದಿ ಕೆಳಗಿರಲಿ. ಜವಾರಿ ಹೇಂಟೆಗೆ ಹತ್ತು, ಹನ್ನೊಂದು ಸಾಕು. ಆಸೆಪಟ್ಟು ಹದಿನೈದು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಕೋಳಿ ತತ್ತಿಗಳನ್ನು ಒಳಗೆ ಹೊರಗೆ ಮಾಡುತ್ತಲೇ ಇರುತ್ತದೆ. ಹಾಗಾಗಿ ಇವತ್ತು ಒಂದು, ನಾಳೆ ಇನ್ನೊಂದು ತಣ್ಣಗಾಗಿ ಎಲ್ಲವೂ ಕೆಡುವ ಸಾಧ್ಯತೆ ಇದೆ.

ನಾನು ತೊಗರಿ ಕಟ್ಟಿಗೆಯ ಅಗಲ ಬುಟ್ಟಿ ಬಳಸುತ್ತೇನೆ. ತಳಕ್ಕೆ ಎರಡು ಬೊಗಸೆ ಮರಳು, ಒಂದು ಬೊಗಸೆ ಒಲೆಯ ಬೂದಿ, ಮೇಲೆ ತೊಗರಿ ಹೊಟ್ಟು, ಒಂದು ಹಿಡಿ ಬೇವಿನ ಎಲೆ. ಶಹಾಪುರ, ಸುರಪುರದ ಕಾಲುವೆ ನೀರಿನ ಕಡೆಯವರಿಗೆ ಭತ್ತದ ಹುಲ್ಲು ಸಿಗುತ್ತದೆ. ಅದು ಇನ್ನೂ ಮೆತ್ತಗೆ. ಜೋಳದ ಕಣಿಕೆ ಮಾತ್ರ ಹಾಕಬೇಡಿ, ದಂಟು ಗಟ್ಟಿ, ತತ್ತಿ ಒಡೆಯುತ್ತದೆ. ಬೂದಿ ಯಾಕೆ ಅಂದರೆ ಹೇನು, ನುಸಿಗೆ. ಇಪ್ಪತ್ತೊಂದು ದಿನ ಅಲ್ಲಾಡದೆ ಕೂತ ಕೋಳಿಯ ಮೈ ಅವಕ್ಕೆ ಛತ್ರ ಇದ್ದಹಾಗೆ.

ಅವ್ವ ಬುಟ್ಟಿಗೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಹಾಕುತ್ತಾಳೆ. ಗುಡುಗಿಗೆ ತತ್ತಿ ಕೆಡಬಾರದಂತೆ. ನಾನು ನಂಬುವುದಿಲ್ಲ, ತೆಗೆಯುವುದೂ ಇಲ್ಲ.

ಎಲ್ಲ ತತ್ತಿಯನ್ನೂ ಒಂದೇ ಸಲ, ಸಂಜೆ ಇಡಿ. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಿಂದ ಗುರುತು ಹಾಕಿ. ಇದು ಮುಖ್ಯ. ಕೋಳಿ ನೀರಿಗೆ ಎದ್ದಾಗ ಬೇರೆ ಹೇಂಟೆ ಬಂದು ಅದೇ ಬುಟ್ಟಿಯಲ್ಲಿ ತತ್ತಿ ಇಟ್ಟು ಹೋಗುತ್ತದೆ. ಗುರುತಿಲ್ಲದ್ದನ್ನು ಅವತ್ತೇ ತೆಗೆದುಬಿಡಬಹುದು. ಕಾಳು, ನೀರು ನಾಲ್ಕು ಹೆಜ್ಜೆ ದೂರದಲ್ಲಿರಲಿ. ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷ ಎದ್ದು ತಿಂದು, ಬೂದಿಯಲ್ಲಿ ಹೊರಳಿ ಬರುತ್ತದೆ. ಏಳದೇ ಇದ್ದರೆ ನೀವೇ ಎತ್ತಿ ಬಿಡಿ. ಆದರೆ ರೆಕ್ಕೆಯ ಕೆಳಗೆ ತತ್ತಿ ಸಿಕ್ಕಿದೆಯಾ ಅಂತ ನೋಡಿಕೊಂಡು ಎತ್ತಿ.

ಎಂಟನೇ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಮೇಲೆ ತತ್ತಿಯ ದಪ್ಪ ತುದಿ ಇಟ್ಟು ನೋಡಿ. ಒಳಗೆ ಜೇಡ ಕಾಲು ಚಾಚಿದ ಹಾಗೆ ಕೆಂಪು ನರಗಳು, ನಡುವೆ ಅಲ್ಲಾಡುವ ಒಂದು ಚುಕ್ಕೆ ಕಂಡರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು ತತ್ತಿ, ತೆಗೆಯಿರಿ. ನನ್ನ ಮಗಳು ಮೊದಲ ಸಲ ಇದನ್ನು ನೋಡಿದ ಮೇಲೆ ಎರಡು ದಿನ ತತ್ತಿ ತಿನ್ನಲಿಲ್ಲ. 18ನೇ ದಿನದಿಂದ ಕೈ ಹಾಕಬೇಡಿ. 20ನೇ ದಿನ ಕಿವಿ ಕೊಟ್ಟರೆ ಒಳಗಿಂದ ಚಿಂಯ್ ಚಿಂಯ್ ಕೇಳುತ್ತದೆ. ಒಡೆಯೋಕೆ ತಡವಾಯಿತು ಅಂತ ಸಿಪ್ಪೆ ಬಿಡಿಸೋಕೆ ಹೋದರೆ ರಕ್ತ ಬರುತ್ತದೆ, ಮರಿ ಸಾಯುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗಿನ ಹಳದಿಯೇ ಒಂದೆರಡು ದಿನಕ್ಕೆ ಊಟ. ನುಚ್ಚಿಗೆ ಅವಸರ ಬೇಡ.

ಆಮೇಲಿನದು ಹದ್ದು, ಕಾಗೆ, ಮುಂಗುಸಿ, ಬೆಕ್ಕಿನ ಕಾಟ. ಮೊದಲ ಹದಿನೈದು ದಿನ ತಾಯಿ, ಮರಿಗಳನ್ನು ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿಡಿ. ಏಳನೇ ದಿನಕ್ಕೆ ರಾಣಿಖೇತ್, ಅಂದರೆ ಕೊಕ್ಕರೆ ರೋಗದ ಲಸಿಕೆ, ಲಸೋಟ ಹನಿ, ಕಣ್ಣಿಗೆ ಹಾಕಿಸಬೇಕು. ಈ ಲಸಿಕೆಯ ಸಣ್ಣ ಶೀಶೆಯಲ್ಲೂ ನೂರಾರು ಮರಿಗೆ ಆಗುವಷ್ಟು ಇರುತ್ತದೆ, ಒಡೆದ ಮೇಲೆ ಇಡೋಕೆ ಬರುವುದಿಲ್ಲ. ಅದಕ್ಕೆ ಓಣಿಯ ನಾಲ್ಕು ಮನೆ ಸೇರಿ ಒಂದೇ ದಿನ ಹಾಕಿಸುತ್ತೇವೆ. ಮಂಜುಗಡ್ಡೆಯಲ್ಲಿ ಇಟ್ಟು ತರಬೇಕು, ಜೇಬಲ್ಲಿ ಅಲ್ಲ.

ಇದರ ನಷ್ಟ ಏನು? ಕೋಳಿ 21 ದಿನ ಕೂರುತ್ತದೆ, ಎರಡು ಎರಡೂವರೆ ತಿಂಗಳು ಮರಿ ತಿರುಗಿಸುತ್ತದೆ. ಅಷ್ಟೂ ದಿನ ತತ್ತಿ ಇಲ್ಲ. ಜವಾರಿ ಹೇಂಟೆ ಒಂದು ಸರದಿಗೆ ಹನ್ನೆರಡು, ಹದಿನೈದು ಇಟ್ಟು ಕೂತರೆ, ವರ್ಷಕ್ಕೆ ಮೂರು ಸರದಿ. ಅಲ್ಲಿಗೆ ಲೆಕ್ಕ ಮುಗಿಯಿತು.

ಬೇಸಿಗೆಯಲ್ಲಿ ಯಾಕೆ ಬೇಡ

ಎರಡು ವರ್ಷದ ಹಿಂದೆ ಯುಗಾದಿ ಆಗಿ ನಾಲ್ಕು ದಿನಕ್ಕೆ ನಮ್ಮ ಕರಿ ಕೋಳಿ ಕೂತಿತು. ಅವ್ವನ ಮಾತಿಗೆ ಹನ್ನೊಂದು ತತ್ತಿ ಇಟ್ಟೆ. ಜಾಗ, ಹಿತ್ತಲಿನ ತಗಡಿನ ಶೆಡ್ಡು. ಎರಡನೇ ವಾರ ಹೊರಗೇ 42 ಡಿಗ್ರಿ, ತಗಡಿನ ಕೆಳಗೆ ಎಷ್ಟಿತ್ತೋ. ಕೋಳಿ ಬಾಯಿ ತೆರೆದು ತೇಕುತ್ತ, ತತ್ತಿಗಳ ಮೇಲೆ ಕೂರಲೂ ಆಗದೆ, ಬಿಟ್ಟು ಹೋಗಲೂ ಆಗದೆ ಅರ್ಧ ಎದ್ದು ನಿಂತಿರುತ್ತಿತ್ತು. ಹದಿನೇಳನೇ ದಿನ ಶೆಡ್ಡಿಗೆ ಹೋದರೆ ವಾಸನೆ. ಒಂದು ತತ್ತಿ ಎತ್ತಿದೆ, ಕೈಯಲ್ಲೇ ಫಟ್ ಅಂತ ಒಡೆಯಿತು. ಅಂಗಿ ಬಿಸಾಡಬೇಕಾಯಿತು. ಹನ್ನೊಂದರಲ್ಲಿ ಉಳಿದದ್ದು ಎರಡು ಮರಿ. ಕೋಳಿಯ ಜುಟ್ಟು ಬಿಳಚಿ, ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು.

ಕಾರಣ ಸರಳ. ಕಾವಿಗೆ ಬೇಕಾದದ್ದು ಸುಮಾರು 37.5 ಡಿಗ್ರಿ. ಸುತ್ತಲಿನ ಗಾಳಿಯೇ ಅದನ್ನು ದಾಟಿದರೆ ಕೋಳಿ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಇನ್ನೊಂದು, ತತ್ತಿ ಕೂಡಿಡುವ ದಿನಗಳು. 15ರಿಂದ 18 ಡಿಗ್ರಿ ತಂಪಿನಲ್ಲಿ ಒಳಗಿನ ಜೀವ ಸುಮ್ನೆ ಮಲಗಿರುತ್ತದೆ. ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಅದು ಕಾವಿಗೆ ಮೊದಲೇ ಅರ್ಧ ಎಚ್ಚರವಾಗಿ, ಬಲ ಸಾಲದೆ ಸಾಯುತ್ತದೆ. ಬುಟ್ಟಿಗೆ ಇಡುವಾಗಲೇ ಅದು ಸತ್ತ ತತ್ತಿ.

ಹಟ ಹಿಡಿದು ಕೂರಿಸಲೇಬೇಕು ಅನ್ನುವವರು ಮನೆಯೊಳಗೆ, ದಪ್ಪ ಮಣ್ಣಿನ ಮಾಳಿಗೆ ಕೆಳಗೆ ಕೂರಿಸಿ, ಎರಡು ಮೂರು ದಿನದೊಳಗಿನ ತತ್ತಿಯನ್ನೇ ಇಡಿ. ಆರ್‌ಸಿಸಿ ಮನೆಯ ಮೇಲಂತಸ್ತಾದರೆ ಆ ಯೋಚನೆಯೇ ಬೇಡ.

ಮಳೆಗಾಲ ನಡುಮಧ್ಯದ ಕಾಲ. ಜುಲೈ, ಆಗಸ್ಟ್‌ನಲ್ಲಿ ಮರಿ ಚೆನ್ನಾಗಿಯೇ ಬರುತ್ತವೆ. ಆದರೆ ಹಸಿ ನೆಲದಲ್ಲಿ ರಕ್ತ ಭೇದಿ ಹಿಡಿಯುತ್ತದೆ, ಬಿಲದ ಹಾವು ಮೇಲೆ ಬರುತ್ತವೆ. ಒಣ ಜಾಗ ಇದ್ದರೆ ಒಂದು ಕೋಳಿ ಕೂರಿಸಿ, ಉಳಿದವನ್ನು ಎಬ್ಬಿಸಿ.

ದಾರಿ ಎರಡು: ಎಬ್ಬಿಸುವುದು

ತತ್ತಿಯೇ ಮುಖ್ಯ ಅನ್ನುವವರಿಗೆ, ಹುಂಜ ಇಲ್ಲದವರಿಗೆ, ಮಾರ್ಚ್‌ನಿಂದ ಜೂನ್‌ವರೆಗೆ ಎಲ್ಲರಿಗೂ ಇದೇ ದಾರಿ. ತತ್ತಿಯಿಲ್ಲದ ಬುಟ್ಟಿಯಲ್ಲಿ ಕೋಳಿ ತಾನಾಗಿ ಏಳಲಿ ಅಂತ ಬಿಡೋದು ಎಲ್ಲಕ್ಕಿಂತ ಕೆಟ್ಟದ್ದು. ಮರಿಯೂ ಇಲ್ಲ, ತತ್ತಿಯೂ ಇಲ್ಲ, ವಾರಗಟ್ಟಲೆ ಕೂತು ಕೋಳಿ ಸೊರಗುತ್ತದೆ. ಅದನ್ನು ನೋಡಿ ಪಕ್ಕದ ಇನ್ನೆರಡು ಕೂರುತ್ತವೆ.

ಹಳ್ಳಿಯಲ್ಲಿ ಮಾಡುವ ಉಪಾಯಗಳಲ್ಲಿ ಕೆಲವನ್ನು ಬಿಡಲೇಬೇಕು. ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು ಕ್ರೌರ್ಯ, ಕೀವೂ ಆಗುತ್ತದೆ. ಕಾಳು ನೀರು ಕೊಡದೆ ಉಪವಾಸ ಕೆಡವುವುದೂ ಬೇಡ, ಅದು ಮೊದಲೇ ಬಡಕಲಾಗಿರುತ್ತದೆ. ತಣ್ಣೀರಲ್ಲಿ ಅದ್ದುವುದು ಬಹಳ ಜನ ಮಾಡುತ್ತಾರೆ. ಒಂದು ತಾಸು ಹೊಟ್ಟೆ ತಣ್ಣಗಾಗುತ್ತದೆ, ಒಣಗಿದ ಮೇಲೆ ಮತ್ತೆ ಬುಟ್ಟಿಗೆ. ಚಳಿಗಾಲದಲ್ಲಿ ಅದ್ದಿದರೆ ಶೀತ ಹಿಡಿದು ಸಾಯಲೂಬಹುದು.

ಕೂತು ಒಂದೆರಡೇ ದಿನ ಆಗಿದ್ದರೆ, ತತ್ತಿ ತೆಗೆದು, ಬುಟ್ಟಿ ಎತ್ತಿ ಬೋರಲು ಹಾಕಿ, ರಾತ್ರಿ ಉಳಿದ ಕೋಳಿಗಳ ಜೊತೆ ಮೇಲೆ ಕೂರಿಸಿದರೆ ಕೆಲವು ಮರೆತುಬಿಡುತ್ತವೆ. ಮರೆಯದಿದ್ದರೆ ಕ್ರೇಟ್.

ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಇರುತ್ತವಲ್ಲ, ತಳವೂ ಜಾಲರಿ ಇರುವಂಥವು, ಎರಡು ತನ್ನಿ. ಒಂದನ್ನು ನಾಲ್ಕು ಇಟ್ಟಿಗೆ ಮೇಲೆ ಇಡಿ. ಕೋಳಿ ಬಿಡಿ. ಇನ್ನೊಂದನ್ನು ಅದರ ಮೇಲೆ ಬೋರಲು ಹಾಕಿ ಸುತಳಿಯಿಂದ ಕಟ್ಟಿ. ಕೋಳಿ ನಿಲ್ಲೋಕೆ ಎತ್ತರ ಸಿಗುತ್ತದೆ, ಕೆಳಗಿಂದ ಗಾಳಿ ಆಡುತ್ತದೆ. ಒಳಗೆ ಹುಲ್ಲು, ಗೋಣಿ, ಏನೂ ಬೇಡ. ಸಣ್ಣ ಡಬ್ಬಿ ಕಟ್ಟಿ ಕಾಳು, ನೀರು ಕೊಡಿ. ಬೆಳಕಿರುವ, ಆದರೆ ನೆರಳಿರುವ ಜಾಗದಲ್ಲಿ, ಉಳಿದ ಕೋಳಿಗಳು ಕಣ್ಣಿಗೆ ಬೀಳುವ ಹಾಗೆ ಇಡಿ. ರಾತ್ರಿ ಬೆಕ್ಕು ಬಾರದ ಕಡೆಗೆ ಸರಿಸಿ.

ಕ್ರೇಟ್ ಇಲ್ಲದಿದ್ದರೆ ನಮ್ಮ ಕಡೆ ಮನೆಮನೆಗೂ ಇರುವ ಶಹಾಬಾದ್ ಫರಸಿ ಕಲ್ಲೇ ಸಾಕು. ಬಿಸಿಲು ಬೀಳದ ವರಾಂಡದ ಬರೀ ಫರಸಿ ಮೇಲೆ ದೊಡ್ಡ ಬುಟ್ಟಿಯಲ್ಲಿ ಮುಚ್ಚಿಡಿ. ಕಲ್ಲಿನ ತಂಪು ಹೊಟ್ಟೆಗೆ ತಾಗುತ್ತದೆ. ಕ್ರೇಟ್‌ಗಿಂತ ಒಂದೆರಡು ದಿನ ಜಾಸ್ತಿ ಬೇಕಾಗುತ್ತದೆ, ಅಷ್ಟೇ.

ಮೂರು ರಾತ್ರಿ ಆದ ಮೇಲೆ ಬಿಟ್ಟು ನೋಡಿ. ಕೋಳಿಗಳ ಗುಂಪಿಗೆ ಹೋಗಿ ಕೆದಕೋಕೆ ಶುರು ಮಾಡಿದರೆ ಗೆದ್ದಿರಿ. ನೆಟ್ಟಗೆ ಬುಟ್ಟಿಗೆ ಓಡಿದರೆ ಇನ್ನೆರಡು ರಾತ್ರಿ. ವಾರ ಕೂತ ಮೇಲೆ ಎಬ್ಬಿಸೋಕೆ ಹೋದರೆ ಕ್ರೇಟ್‌ನಲ್ಲೂ ಒಂದು ವಾರ ಹಿಡಿಯಬಹುದು. ಆದ್ದರಿಂದ ಕಂಡ ದಿನವೇ ತೀರ್ಮಾನ ಮಾಡಿ. ಎದ್ದ ಮೇಲೆ ಒಂದರಿಂದ ಮೂರು ವಾರದಲ್ಲಿ ಮತ್ತೆ ತತ್ತಿ ಶುರುವಾಗುತ್ತದೆ. ಸಜ್ಜೆ, ಜೋಳದ ಜೊತೆ ಸ್ವಲ್ಪ ಶೇಂಗಾ ಹಿಂಡಿ ಕೊಟ್ಟರೆ ಸೊರಗಿದ ಮೈ ಬೇಗ ತುಂಬಿಕೊಳ್ಳುತ್ತದೆ.

ದಾರಿ ಮೂರು: ಬೇರೆಯವರ ಮರಿ, ಬೇರೆಯವರ ತತ್ತಿ

ಹುಂಜ ಇಲ್ಲದ ಊರೊಳಗಿನ ಮನೆಗಳಿಗೆ ನನಗೆ ತುಂಬ ಇಷ್ಟವಾದ ದಾರಿ ಇದು. ಕೋಳಿ ಗೊಡ್ಡು ತತ್ತಿಯ ಮೇಲೋ, ಪ್ಲಾಸ್ಟಿಕ್ ತತ್ತಿಯ ಮೇಲೋ ಎರಡು ವಾರ ಕೂತಿರಲಿ. ಆಮೇಲೆ ಒಂದು ದಿನದ, ಹೆಚ್ಚೆಂದರೆ ಎರಡು ದಿನದ ಮರಿ ತಂದು, ಪೂರ್ತಿ ಕತ್ತಲಾದ ಮೇಲೆ, ತತ್ತಿ ಒಂದು ತೆಗೆದು ಮರಿ ಒಂದು ಇಡುತ್ತ ಹೋಗಿ. ಟಾರ್ಚ್ ಹಾಕಬೇಡಿ. ರೆಕ್ಕೆಯ ಕೆಳಗೆ ಮರಿ ನುಸುಳಿದಾಗ ಕೋಳಿಯ 'ಕುರ್ರ್' ನಿಂತು ಮೆಲ್ಲಗೆ 'ಲೊಟಕ್, ಲೊಟಕ್' ಶುರುವಾಗುತ್ತದೆ. ಆ ದನಿ ಕೇಳಿದರೆ ನೀವು ಹೋಗಿ ಮಲಗಬಹುದು. ಬೆಳಗಿನ ಜಾವ ಮಾತ್ರ ಎದ್ದು ನೋಡಲೇಬೇಕು. ಕುಕ್ಕುತ್ತಿದ್ದರೆ ತಕ್ಷಣ ಮರಿ ತೆಗೆದು ಬಲ್ಬಿನ ಕೆಳಗೆ ಇಡಿ. ವಾರದ ಮರಿ ಕೊಟ್ಟರೆ ಮರಿಗಳೇ ಆ ತಾಯಿಯನ್ನು ಒಪ್ಪುವುದಿಲ್ಲ.

ಯಾವ ಮರಿ ತರಬೇಕು ಅನ್ನೋದು ಬೇರೆ ಮಾತು. ಸೈಕಲ್ ಮೇಲೆ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳು ಬೇಡ. ಅವು ಸಾಮಾನ್ಯವಾಗಿ ತತ್ತಿ ಫಾರಂಗಳಿಗೆ ಬೇಡವಾದ ಹುಂಜ ಮರಿಗಳು. ಬಿಸಿಲಲ್ಲಿ ಬಾಡಿ, ಲಸಿಕೆ ಇಲ್ಲದೆ ಬಂದಿರುತ್ತವೆ. ರೋಗ ತಂದರೆ ನಿಮ್ಮ ಹಳೆಯ ಕೋಳಿಗಳಿಗೂ ಗತಿ ಇಲ್ಲ. ನಂಬಿಕೆಯ ಕಡೆಯಿಂದ ಗಿರಿರಾಜ, ಸ್ವರ್ಣಧಾರ ಅಥವಾ ಜವಾರಿ ಮರಿ ತನ್ನಿ. ಬೀದರ್‌ನವರಿಗೆ ಪಶುವೈದ್ಯ ವಿಶ್ವವಿದ್ಯಾಲಯ ಊರಲ್ಲೇ ಇದೆ, ತಳಿಯ ಬಗ್ಗೆ ಕೇಳೋಕೆ ಅದಕ್ಕಿಂತ ಹತ್ತಿರದ ಜಾಗ ಬೇಕಾ?

ಮರಿ ಬದಲು ತತ್ತಿ ತಂದು ಇಡುವುದೂ ಇದೆ. ಗಿರಿರಾಜ ತತ್ತಿ ದೊಡ್ಡವು, ಏಳೆಂಟು ಸಾಕು. ಬಾತುಕೋಳಿ ತತ್ತಿ ಇಟ್ಟರೆ 28 ದಿನ, ಗಿನಿ ಕೋಳಿಗೆ 26ರಿಂದ 28. ಜವಾರಿ ಹೇಂಟೆ ದಿನ ಎಣಿಸೋದಿಲ್ಲ, ಕೂತಿರುತ್ತದೆ. ಬಾತು ಮರಿಗಳು ನೀರಿಗೆ ಇಳಿದಾಗ ದಡದಲ್ಲಿ ಅದು ಪಡುವ ಸಂಕಟ ಮಾತ್ರ ನೋಡೋಕಾಗುವುದಿಲ್ಲ.

ಇನ್ಕ್ಯುಬೇಟರ್?

ಕೇಳುವವರು ಜಾಸ್ತಿ, ಹಾಗಾಗಿ ಬರೆಯುತ್ತಿದ್ದೇನೆ. ಹತ್ತು ಕೋಳಿಯ ಮನೆಗೆ ನಾನು ಬೇಡ ಅನ್ನುತ್ತೇನೆ. ಡಬ್ಬಿ 21 ದಿನದ ಕೆಲಸ ಮಾಡಿಕೊಡುತ್ತದೆ, ಆದರೆ ಮರಿ ಸಾಕುವುದಿಲ್ಲ. ಆಮೇಲೆ ಮೂರು ನಾಲ್ಕು ವಾರ ಬಲ್ಬಿನ ಕಾವು ನೀವೇ ಕೊಡಬೇಕು, ಮೊದಲ ವಾರ 35 ಡಿಗ್ರಿ, ಆಮೇಲೆ ವಾರವಾರ ಇಳಿಸುತ್ತ. ರಾತ್ರಿ ಕರೆಂಟ್ ಹೋದರೆ ನಿದ್ದೆಯೂ ಹೋಯಿತು. ಕೋಳಿಗೆ ಇನ್ವರ್ಟರ್ ಬೇಕಾಗಿಲ್ಲ, ಅಲ್ವಾ? ಮರಿ ಮಾರೋಕೆ ಅಂತಲೇ ಐವತ್ತು, ನೂರು ತತ್ತಿ ಇಡುವವರದು ಬೇರೆ ಲೆಕ್ಕ.

ಈಗ ನಮ್ಮ ಮನೆಯಲ್ಲಿ

ಇದು ಮಾರ್ಚ್ ಎರಡನೇ ವಾರ. ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತು, ಮಧ್ಯಾಹ್ನ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲೋಕಾಗುತ್ತಿಲ್ಲ. ಆಚೆ ಮೊನ್ನೆ ಅದೇ ಕರಿ ಕೋಳಿ ಮತ್ತೆ ಕೂತಿತು. ಅವ್ವ ಈ ಸಲವೂ "ಪಾಪ, ಕುಂದ್ರಲಿ" ಅಂದಳು. ನಾನು ಆ ಬಿಸಾಡಿದ ಅಂಗಿಯ ಕಥೆ ನೆನಪಿಸಿದೆ. ಅವಳು ಮಾತಾಡಲಿಲ್ಲ. ಆದರೆ ಸಂಜೆ ನೋಡಿದರೆ ಕ್ರೇಟಿನ ಡಬ್ಬಿಯಲ್ಲಿ ಯಾರೋ ನೆನೆಸಿದ ಕಡಲೆ ಹಾಕಿದ್ದರು.

ಇವತ್ತು ಬೆಳಿಗ್ಗೆ ಮೂರನೇ ರಾತ್ರಿ ಮುಗಿಸಿ ಬಿಟ್ಟೆ. ಕೋಳಿ ಒಮ್ಮೆ ಮೈ ಕೊಡವಿತು. ಬೂದಿಗುಂಡಿಯಲ್ಲಿ ಹೊರಳಿತು. ಹುಂಜ ಬಂದು ಸುತ್ತು ಹಾಕಿದ. ಆಮೇಲೆ ನೆಟ್ಟಗೆ ಬುಟ್ಟಿ ಇದ್ದ ಮೂಲೆಗೆ ಹೋಗಿ, ಖಾಲಿ ಫರಸಿ ಮೇಲೆ ಮೈ ಹರಡಿ ಕೂತುಬಿಟ್ಟಿತು. ಇನ್ನೆರಡು ರಾತ್ರಿ.